ತಾಲೂಕು ಆಸ್ಪತ್ರೆಯ ಫ್ರೀ ಶುಗರ್ ಮಾತ್ರೆ: ನಮ್ಮ ಅನುಭವ

ಅಪ್ಪಂಗೆ ಶುಗರ್ ಅಂತ ಗೊತ್ತಾದಾಗಿಂದ ನಾವು ಹೋಗ್ತಿರೋದು ಇಲ್ಲೇ ಕೊಡಗಿನ ಒಂದು ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗೆ, ಅಂದ್ರೆ ಶುಗರ್, ಬಿಪಿ ಥರದ ಅಂಟದ ಕಾಯಿಲೆ ನೋಡೋ ರೂಮಿಗೆ. ಓಪಿ ಚೀಟಿ ಮಾಡ್ಸಿ ನೇರ ಆ ರೂಮಿಗೆ ಹೋಗಿ, 30 ವರ್ಷ ದಾಟಿದೋರಿಗೆ ಬಿಪಿ ಶುಗರ್ ಎರಡೂ ಫ್ರೀಯಾಗಿ ಚೆಕ್ ಮಾಡ್ತಾರೆ, ಡಾಕ್ಟ್ರು ಬರ್ದ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅಲ್ಲೇ ಕೌಂಟರಲ್ಲಿ ಸಿಗತ್ತೆ. ಗೌರ್ಮೆಂಟ್ ಮಾತ್ರೆ ನಾಟಲ್ಲ ಅಂತ ತುಂಬಾ ಜನ ಹೇಳ್ತಾರೆ, ಆದ್ರೆ ಮೆಟ್‌ಫಾರ್ಮಿನ್ 500 ಅಂದ್ರೆ ಎಲ್ಲಿ ತಗೊಂಡ್ರೂ ಅದೇ ಔಷಧಿ, ಅಪ್ಪನ ಮೂರು ತಿಂಗಳ ಆವರೇಜ್ ತೋರ್ಸೋ ಎಚ್‌ಬಿಎ1ಸಿ ಈಗ ಚೆನ್ನಾಗೇ ಇಳಿದಿದೆ.

ನಂಗೆ ತುಂಬಾ ಹಿಡಿಸಿದ್ದು ಅಲ್ಲಿನ ಸಿಸ್ಟರ್. ತೋಟದಿಂದ ಸೀದಾ ಬಂದಿದ್ದ ಅಪ್ಪನ ಗಮ್‌ಬೂಟ್ ಬಿಚ್ಚಿಸಿ, ಬೆರಳ ಸಂದಿ ಎಲ್ಲಾ ಬಿಡಿಸಿ ನೋಡಿ, ಜಿಗಣೆ ಕಚ್ಚಿದ್ದನ್ನ ಕೆರ್ಕೊಂಡು ಗಾಯ ಮಾಡ್ಕೊಂಡಿದ್ರು ಅದಕ್ಕೆ ಡ್ರೆಸ್ಸಿಂಗ್ ಮಾಡಿ, "ಅಂಕಲ್, ದಿನಾ ರಾತ್ರಿ ಕಾಲು ನೋಡ್ಕೊಂಡೇ ಮಲಗ್ಬೇಕು" ಅಂದ್ರು. ದುಡ್ಡು ಕೊಟ್ಟು ತೋರ್ಸಿದ ಕಡೆ ಯಾರೂ ಕಾಲು ಮುಟ್ಟಿರ್ಲಿಲ್ಲ.

ಇನ್ಸುಲಿನ್ ತಗೊಳೋರು ಒಂದು ಗಮನ್ಸಿ, ಇನ್ಸುಲಿನ್ ಬಾಟ್ಲಿ (ವೈಲ್) ಮೇಲೆ ಒಂದು ಎಂಎಲ್‌ಗೆ 40 ಯೂನಿಟ್ ಅಂತಿದ್ರೆ ಕೆಂಪು ಕ್ಯಾಪಿನ 40ರ ಸಿರಿಂಜೇ ಬೇಕು, ಆರೆಂಜ್ ಕ್ಯಾಪಿನ 100ರದ್ರಲ್ಲಿ ಅದೇ ಗೆರೆಗೆ ಎಳೆದ್ರೆ ಡೋಸ್ ಅರ್ಧನೂ ಹೋಗಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಯ್ತು ಅಂತ ಐಸ್ ಮೇಲೆ ಇಡ್ಬೇಡಿ, ಹೆಪ್ಪುಗಟ್ಟಿದ್ರೆ ಅದು ಹಾಳು.

ಬೇಜಾರಿನ ವಿಷ್ಯ ಅಂದ್ರೆ ಮಾತ್ರೆ ಕೊಡೋದು ಹದಿನೈದೇ ದಿನಕ್ಕೆ, ಕೆಲವು ಸಲ ಸ್ಟಾಕಿಲ್ಲ ಅಂತ ಇನ್ನೂ ಕಮ್ಮಿ. ನಾವು ಸ್ಕೂಟರಲ್ಲಿ ಹೋಗಿಬರ್ತೀವಿ, ಎಸ್ಟೇಟ್ ಲೈನ್‌ಮನೆಲಿರೋ ಕೂಲಿ ಕೆಲ್ಸದೋರ ಕಥೆ ಏನು? ಒಂದಿನದ ಕೂಲಿ ಹೋಗತ್ತೆ, ಶಕ್ತಿ ಯೋಜನೆ ಗೌರ್ಮೆಂಟ್ ಬಸ್ಸಿಗೆ ಮಾತ್ರ, ಒಳಗಿನ ರೂಟಲ್ಲಿ ಓಡೋದು ಪ್ರೈವೇಟ್ ಬಸ್ಸು, ಹೋಗ್ತಾ ಬರ್ತಾ ಟಿಕೆಟ್ ದುಡ್ಡು ಬೇರೆ. ಹಂಗಾಗಿ ಎರಡು ಸಲ ಬಂದು ಮೂರನೇ ಸಲ ಬಿಟ್ಟೇ ಬಿಡ್ತಾರೆ, ಆಮೇಲೆ ಕಾಲು ಗಾಯ ಕೊಳೆತ ಮೇಲೆ ಮಡಿಕೇರಿಗೆ ಓಡೋದು. ಶುಗರ್ ಕಂಟ್ರೋಲಲ್ಲಿ ಇರೋರಿಗಾದ್ರೂ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡ್ಬೇಕು, ನಾನಂತೂ ಹೋದಾಗೆಲ್ಲ ಕೇಳ್ತೀನಿ, ನೀವೂ ಕೇಳಿ.

ಕೌಂಟರಲ್ಲಿ ಇಲ್ಲದ್ದಕ್ಕೆ ಜನೌಷಧಿ ಕೇಂದ್ರಕ್ಕೆ ಹೋಗಿ, ಫ್ರೀ ಅಲ್ಲ ಆದ್ರೆ ಅಗ್ಗ. ಸಿಟಾಗ್ಲಿಪ್ಟಿನ್ 50 ಅನ್ನೋ ಶುಗರ್ ಮಾತ್ರೆ ಅಲ್ಲಿ 2022ರಲ್ಲಿ ಬಂದಾಗ ಹತ್ತು ಮಾತ್ರೆಗೆ 60 ರೂಪಾಯಿ ಇಟ್ಟಿದ್ರು. ಡಾಕ್ಟ್ರು ಬರ್ದ ಚೀಟಿ ಮರೀದೆ ತಗೊಂಡ್ಹೋಗಿ.