ಹಳೆ ಕಾರಿಗೆ ಯಾವ ಬಿಡಿಭಾಗ: ಡಬ್ಬಿ ಒಡೆಯದ್ದೋ, ಕಳಚಿ ತೆಗೆದದ್ದೋ, ಈಗ ಮಾಡಿದ್ದೋ?

ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿಯಷ್ಟು ದೊಡ್ಡ ಸ್ವಾಪ್ ಮೀಟ್ (ಹಳೆ ಕಾರು, ಬಿಡಿಭಾಗಗಳ ಸಂತೆ) ಆಗಲಿ, ನಾಲ್ಕು ಟಾರ್ಪಾಲು ಹಾಸಿದ ಸಣ್ಣ ಸಂತೆಯಾಗಲಿ, ಹಳೆ ಕಾರಿನ ಒಂದೇ ಸಾಮಾನು ಮೂರು ಬಗೆಯಲ್ಲಿ ಸಿಗುತ್ತದೆ. ಒಂದು, ಆ ಕಾಲದಲ್ಲೇ ತಯಾರಾಗಿ ಯಾವ ಗಾಡಿಗೂ ಏರದೆ ಡಬ್ಬಿಯಲ್ಲೇ ಉಳಿದದ್ದು. ಹವ್ಯಾಸಿಗಳ ಬಾಯಲ್ಲಿ ಇದು ಎನ್‌ಒಎಸ್, ಅಂದರೆ ನ್ಯೂ ಓಲ್ಡ್ ಸ್ಟಾಕ್. ಎರಡು, ಇನ್ನೊಂದು ಗಾಡಿಯಿಂದ ಕಳಚಿದ ಒರಿಜಿನಲ್. ಮೂರು, ಹಳೆಯದನ್ನು ನೋಡಿ ಈಗ ತಯಾರಿಸಿದ ರೀಪ್ರೊ. ಮೂರರಲ್ಲಿ ಎನ್‌ಒಎಸ್‌ಗೆ ಮರ್ಯಾದೆ ಜಾಸ್ತಿ, ಕೇಳುವ ದುಡ್ಡೂ ಜಾಸ್ತಿ. ಮೂರನ್ನೂ ಗಾಡಿಗೆ ಹಾಕಿ ಓಡಿಸಿ ನೋಡಿದರೆ ಆ ಮರ್ಯಾದೆ ಕೆಲವು ಭಾಗಗಳಿಗಷ್ಟೇ ಸಲ್ಲುತ್ತದೆ ಎಂಬುದು ಗೊತ್ತಾಗುತ್ತದೆ.

ನಮ್ಮ ಲೆಕ್ಕ ಇಷ್ಟು: ಉಕ್ಕು, ಬೀಡು ಕಬ್ಬಿಣ, ಹಿತ್ತಾಳೆ ಇದ್ದ ಕಡೆ ಹಳೆಯದನ್ನೇ ನಂಬಬಹುದು. ರಬ್ಬರು, ಕಾಗದ, ಕಾರ್ಕು, ಅಂಟು ಇದ್ದ ಕಡೆ ಹೊಸದೇ ಬೇಕು, ಏಕೆಂದರೆ ಇವು ಬಳಸದಿದ್ದರೂ ಕಪಾಟಿನಲ್ಲಿ ಕೂತೇ ಮುದಿಯಾಗುತ್ತವೆ. ಆದರೆ ಎರಡು ಕಡೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸತುವಿನ ಎರಕದಲ್ಲಿ ಹಳೆಯ ಲೋಹವೇ ಕೈಕೊಡುತ್ತದೆ, ರೋಟರಿನಲ್ಲಿ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ತುಂಡು) ಹೊಸ ಪ್ಲಾಸ್ಟಿಕ್ಕೇ ಕೈಕೊಡುತ್ತದೆ.

ಇಗ್ನಿಷನ್

ಮೊದಲು ಕಂಡೆನ್ಸರ್, ಅಂದರೆ ಪಾಯಿಂಟಿಗೆ ಜೋಡಿಸಿದ ಸಣ್ಣ ಕೆಪಾಸಿಟರ್. ಹೆಚ್ಚು ಮೋಸ ಹೋಗುವುದು ಇಲ್ಲೇ. ಹಳೆಯ ಕಂಡೆನ್ಸರಿನೊಳಗೆ ಇರುವುದು ಲೋಹದ ಹಾಳೆ ಮತ್ತು ಕಾಗದದ ಸುರುಳಿ. ಡಬ್ಬಿ ಒಡೆಯದಿದ್ದರೂ ತಗಡಿನ ಅಂಚಿನಿಂದ ತೇವ ಒಳಗೆ ನುಗ್ಗಿ ಕಾಗದ ನಿರೋಧಕ ಗುಣ ಕಳೆದುಕೊಂಡಿರುತ್ತದೆ. ಇಂಥದ್ದನ್ನು ಹಾಕಿದರೆ ತಣ್ಣಗಿದ್ದಾಗ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಬಿಸಿಯೇರಿದ ಮೇಲೆ ಮಿಸ್ ಹೊಡೆಯಲು ಶುರುಮಾಡುತ್ತದೆ. ಪಾಯಿಂಟ್ (ಕಾಯಿಲಿನ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್ಚು) ನಡುವೆ ಜೋರಾಗಿ ಕಿಡಿ ಹಾರುತ್ತದೆ, ಪ್ಲಗ್ಗಿನಲ್ಲಿ ಮಾತ್ರ ಹಳದಿ ಬಣ್ಣದ ಸಪ್ಪೆ ಕಿಡಿ. ಮಲ್ಟಿಮೀಟರ್ ಹಿಡಿದರೆ 0.18ರಿಂದ 0.25 ಮೈಕ್ರೋಫ್ಯಾರಡ್ ತೋರಿಸುತ್ತದೆ, ಸರಿಯಿದೆ ಅಂದುಕೊಳ್ಳುತ್ತೇವೆ. ಅಷ್ಟು ಸಾಲದು. ಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಪಾಯಿಂಟ್ ತೆರೆದ ಕ್ಷಣ ಕಂಡೆನ್ಸರ್ ಮೇಲೆ ಬೀಳುವುದು ಇನ್ನೂರು ಮುನ್ನೂರು ವೋಲ್ಟ್. 250 ವೋಲ್ಟಿನ ಇನ್ಸುಲೇಷನ್ ಟೆಸ್ಟರಿನಲ್ಲಿ ಒಮ್ಮೆ ತಣ್ಣಗಿರುವಾಗ, ಇನ್ನೊಮ್ಮೆ ಬಿಸಿಗಾಳಿ ಊದಿ ಕೈ ಸುಡುವಷ್ಟು ಬಿಸಿ ಮಾಡಿ ನೋಡಬೇಕು. ಬಿಸಿಯಲ್ಲಿ ರೀಡಿಂಗ್ ಕುಸಿದರೆ ಡಬ್ಬಿಯ ಮೇಲೆ ಯಾರ ಹೆಸರಿದ್ದರೂ ಕಸಕ್ಕೆ.

ರೀಪ್ರೊ ಕಂಡೆನ್ಸರುಗಳೂ ಒಂದೇ ಗುಣಮಟ್ಟದವಲ್ಲ. ಕೆಲವದರಲ್ಲಿ ಒಳಗಿನ ವೈರಿನ ಬೆಸುಗೆ ಸಡಿಲವಿದ್ದು ಅದುರಿದಾಗ ಸಂಪರ್ಕ ತಪ್ಪುತ್ತದೆ. ವೈರನ್ನು ಮೆಲ್ಲಗೆ ಅಲುಗಾಡಿಸುತ್ತಾ ಮೀಟರ್ ನೋಡಿದರೆ ಇದು ಸಿಕ್ಕಿಬೀಳುತ್ತದೆ. ನಾವು ಹಾಕಿ ನೋಡಿದವುಗಳಲ್ಲಿ ತಕರಾರಿಲ್ಲದೆ ಓಡಿದ್ದು ಈ ಮೂರರಲ್ಲಿ ಯಾವುದೂ ಅಲ್ಲ: 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್. ಇದನ್ನು ಡಿಸ್ಟ್ರಿಬ್ಯೂಟರಿನ ಬಿಸಿಯಿಂದ ದೂರ, ಕಾಯಿಲ್ ಪಕ್ಕದಲ್ಲಿ, ಪಾಯಿಂಟಿಗೆ ಹೋಗುವ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಗಟ್ಟಿಯಾಗಿ ಕೂರಿಸಬೇಕು. ಪ್ರದರ್ಶನದ ಗಾಡಿಯಾದರೆ ಹಳೆಯ ಕಂಡೆನ್ಸರನ್ನು ವೈರ್ ಕತ್ತರಿಸಿ ಸ್ವಸ್ಥಾನದಲ್ಲೇ ಬಿಡಿ. ತೀರ್ಪುಗಾರರು ಬಾನೆಟ್ ಎತ್ತಿದರೂ ಗೊತ್ತಾಗುವುದಿಲ್ಲ.

ಪಾಯಿಂಟಿನಲ್ಲಿ ಎನ್‌ಒಎಸ್ ಗೆಲ್ಲುತ್ತದೆ. ವರ್ಷಗಟ್ಟಲೆ ಕೂತದ್ದರಿಂದ ತುದಿಗಳಲ್ಲಿ ಬೂದು ಪದರ ಕಟ್ಟಿರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಪಾಯಿಂಟ್ ಮುಚ್ಚಿ ನಡುವೆ ಒಂದು ದಪ್ಪ ಬಿಳಿ ಕಾಗದದ ಚೂರನ್ನು ಎಳೆದು ತೆಗೆದರೆ ಸಾಕು. ಉಜ್ಜುಕಾಗದ ಬೇಡ, ಅದರ ಕಣಗಳು ಅಲ್ಲೇ ಉಳಿಯುತ್ತವೆ. ಅಗ್ಗದ ರೀಪ್ರೊ ಪಾಯಿಂಟಿನ ತೊಂದರೆ ಕ್ಯಾಮಿಗೆ ತಾಗುವ ಫೈಬರ್ ಹಿಮ್ಮಡಿಯಲ್ಲಿದೆ. ಅದು ಮೆತ್ತಗಿದ್ದರೆ ಬೇಗ ಸವೆಯುತ್ತದೆ. ಸವೆದಷ್ಟೂ ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದಕ್ಕೆ ಬೀಳುತ್ತದೆ, ಗಾಡಿ ಎಳೆಯುವುದಿಲ್ಲ, ಎಂಜಿನ್ ಕಾಯುತ್ತದೆ. ಕಾರ್ಬುರೇಟರನ್ನು ದೂಷಿಸುವ ಮೊದಲು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ಹಾಕಿ ನೋಡಿ. ಲ್ಯೂಕಾಸ್ 25ಡಿ ಮಾದರಿಯ ಡಿಸ್ಟ್ರಿಬ್ಯೂಟರಿಗೆ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಹೊಸ ಪಾಯಿಂಟ್ ಹಾಕಿ ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ಸವರದೆ ಹಾಕಿದರೆ ಯಾವ ಹಿಮ್ಮಡಿಯೂ ಬಾಳುವುದಿಲ್ಲ.

ರೋಟರ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಹಳೆಯ ಬೇಕಲೈಟ್ ರೋಟರ್ ಬಿರುಕಿಲ್ಲದಿದ್ದರೆ ಬಳಸಿದ್ದಾದರೂ ಚಿನ್ನ. ರೀಪ್ರೊಗಳಲ್ಲಿ ಹಿತ್ತಾಳೆ ಪಟ್ಟಿಯನ್ನು ರಿವಿಟ್ ಹೊಡೆದು ಕೂರಿಸಿದವು, ಅದರಲ್ಲೂ ಪ್ಲಾಸ್ಟಿಕ್ಕಿನಲ್ಲಿ ಕಾರ್ಬನ್ ಹೆಚ್ಚಿರುವ ಕಪ್ಪು ಬಣ್ಣದವು, ರಿವಿಟ್ ಕೆಳಗಿನಿಂದ ಶಾಫ್ಟಿಗೆ ಕರೆಂಟ್ ಸೋರಿಸುತ್ತವೆ. ಪರೀಕ್ಷೆ ಸುಲಭ: ಕ್ಯಾಪ್ ತೆಗೆಯಿರಿ. ಕಾಯಿಲಿನಿಂದ ಬರುವ ದಪ್ಪ ವೈರಿನ ತುದಿಯನ್ನು ಇನ್ಸುಲೇಟೆಡ್ ಇಕ್ಕಳದಲ್ಲಿ ಹಿಡಿದು ರೋಟರಿನ ಹಿತ್ತಾಳೆಯಿಂದ ಸುಮಾರು 3 ಮಿಲಿಮೀಟರ್ ಮೇಲೆ ನಿಲ್ಲಿಸಿ. ಹತ್ತಿರದಲ್ಲಿ ಪೆಟ್ರೋಲ್ ಆವಿ ಇರಕೂಡದು. ಇಗ್ನಿಷನ್ ಹಾಕಿ ಪಾಯಿಂಟನ್ನು ತೆರೆದು ಮುಚ್ಚಿ. ಮೊದಲ ಸಲ ಒಂದು ಸಣ್ಣ ಕಿಡಿ ಬಿದ್ದರೆ ಚಿಂತೆಯಿಲ್ಲ. ಪ್ರತಿ ಸಲವೂ ಕಿಡಿ ಹಾರಿದರೆ ಕರೆಂಟ್ ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಆ ರೋಟರ್ ಕೆಟ್ಟಿದೆ. ರಿವಿಟ್ ಇಲ್ಲದೆ ಅಚ್ಚಿನಲ್ಲೇ ಕೂರಿಸಿದ ಕೆಂಪು ರೋಟರುಗಳು ಈ ರೋಗಕ್ಕೆಂದೇ ಬಂದವು, ಮತ್ತು ಅವು ಚೆನ್ನಾಗಿವೆ.

ಬ್ರೇಕು

ಇಲ್ಲಿ ಎನ್‌ಒಎಸ್ ಮೋಹ ಅಪಾಯಕಾರಿ. ವೀಲ್ ಸಿಲಿಂಡರಿನ ಬೀಡು ಕಬ್ಬಿಣ ಹೊಸದರಂತೆ ಹೊಳೆಯುತ್ತಿರಬಹುದು, ಒಳಗಿನ ರಬ್ಬರ್ ಕಪ್ಪುಗಳು (ಆಯಿಲ್ ತಡೆಯುವ ಬಟ್ಟಲಿನಾಕಾರದ ಸೀಲುಗಳು) ಮಾತ್ರ ಗಟ್ಟಿಯಾಗಿರುತ್ತವೆ. ಕಪ್ಪಿನ ಅಂಚನ್ನು ಉಗುರಿನಿಂದ ಒತ್ತಿ ಬಿಟ್ಟರೆ ತಟ್ಟನೆ ಮೊದಲಿನ ಆಕಾರಕ್ಕೆ ಬರಬೇಕು. ನಿಧಾನಕ್ಕೆ ಬಂದರೆ ಅದು ಸೋರುವುದು ಖಚಿತ. ಹಾಗಾಗಿ ಎನ್‌ಒಎಸ್ ಸಿಲಿಂಡರನ್ನು ಖಾಲಿ ಕವಚವೆಂದೇ ತಿಳಿದು ಕೊಳ್ಳಬೇಕು, ರಬ್ಬರ್ ಕಪ್ಪು ಹೊಸದಾಗಿರಬೇಕು.

ಬಳಸಿದ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಗುಂಡಿಗಳಿರುತ್ತವೆ. ಹೋನ್ (ಒಳಗೋಡೆ ಉಜ್ಜುವ ಕಲ್ಲಿನ ಉಪಕರಣ) ಹಾಕಿ ಗುಂಡಿ ಮಾಯವಾಗುವವರೆಗೆ ತಿರುಗಿಸುವವರಿದ್ದಾರೆ. ಅಷ್ಟು ಹೊತ್ತಿಗೆ ಒಳವ್ಯಾಸ ದೊಡ್ಡದಾಗಿ ಪಿಸ್ಟನ್ ಸಡಿಲವಾಗುತ್ತದೆ, ಕಪ್ಪಿನ ಅಂಚು ಆ ಸಂದಿಗೆ ಸಿಕ್ಕಿ ಹರಿಯುತ್ತದೆ. ಉಗುರಿಗೆ ಸಿಗುವ ಗುಂಡಿಯಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ ಮೂಲ ಅಳತೆಗೆ ತರಬೇಕು. ಮೂರೂ ಬಗೆಗಳಿಗಿಂತ ಹೆಚ್ಚು ಕಾಲ ಬಾಳುವುದು ಹೀಗೆ ಸ್ಲೀವ್ ಹಾಕಿದ ಹಳೆಯದೇ, ತುಕ್ಕು ಮತ್ತೆ ಹತ್ತುವುದಿಲ್ಲ. ಜೋಡಿಸುವಾಗ ಬ್ರೇಕ್ ಆಯಿಲ್ ಅಥವಾ ರಬ್ಬರ್ ಗ್ರೀಸ್ ಮಾತ್ರ. ಎಂಜಿನ್ ಆಯಿಲ್ ತಾಗಿದರೆ ಈ ರಬ್ಬರು ಊದಿಕೊಳ್ಳುತ್ತದೆ.

ಬ್ರೇಕ್ ಹೋಸಿನಲ್ಲಿ ಹೋಲಿಕೆಯೇ ಇಲ್ಲ: ಹೊಸದಾಗಿ ತಯಾರಾಗಿ ದಿನಾಂಕ ಅಚ್ಚಾಗಿರುವುದನ್ನೇ ಹಾಕಿ. ಹಳೆಯ ಹೋಸ್ ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿ ಒಮ್ಮುಖ ಕವಾಟದ ಹಾಗೆ ವರ್ತಿಸುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ, ಚಕ್ರ ಹಿಡಿದುಕೊಂಡೇ ಇರುತ್ತದೆ. ಗೊತ್ತುಮಾಡುವ ಬಗೆ: ಹಿಡಿದ ಚಕ್ರದ ಬ್ಲೀಡ್ ನಿಪ್ಪಲ್ (ಗಾಳಿ ತೆಗೆಯುವ ತಿರುಪು) ಸಡಿಲಿಸುವ ಮೊದಲು ಹೋಸಿಗೂ ಉಕ್ಕಿನ ಪೈಪಿಗೂ ಇರುವ ಕೂಡುಗೆಯನ್ನು ಸಡಿಲಿಸಿ. ಆಗಲೂ ಚಕ್ರ ಬಿಡದೆ, ನಿಪ್ಪಲ್ ತೆರೆದ ಮೇಲೆ ಬಿಟ್ಟರೆ ತಪ್ಪು ಹೋಸಿನದು. ಆಮೇಲೆ ಗಾಳಿ ತೆಗೆಯುವುದನ್ನು ಮರೆಯಬಾರದು.

ಬ್ರೇಕ್ ಲೈನಿಂಗಿನ ಎನ್‌ಒಎಸ್ ಡಬ್ಬಿಗಳನ್ನು ಮುಟ್ಟದಿರುವುದೇ ಒಳ್ಳೆಯದು. ಅವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಉಜ್ಜಿದರೆ, ಕೊರೆದರೆ ಆ ಧೂಳು ಶ್ವಾಸಕೋಶಕ್ಕೆ.

ಕಾರ್ಬುರೇಟರ್, ಪೆಟ್ರೋಲ್ ಪಂಪು

ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಇಲ್ಲಿನ ತೀರ್ಮಾನ ಬದಲಾಗಿದೆ. ಎನ್‌ಒಎಸ್ ಪಂಪಿನ ಡಯಾಫ್ರಮ್ಮು ಹಳೆಯ ರಬ್ಬರು ಹಚ್ಚಿದ ಬಟ್ಟೆ, ಎಥನಾಲಿಗೆ ತಾಳುವುದಿಲ್ಲ. ಹರಿದರೆ ಪೆಟ್ರೋಲು ಹೊರಗೆ ಕಾಣದಂತೆ ನೇರ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ತಾನಾಗಿಯೇ ಏರಿದ್ದರೆ ಮೂಸಿ ನೋಡಿ. ಪಂಪಿನ ಹಳೆಯ ದೇಹ ಇಟ್ಟುಕೊಂಡು ಎಥನಾಲ್ ತಾಳುವ ಹೊಸ ಡಯಾಫ್ರಮ್ಮು ಮತ್ತು ವಾಲ್ವು ಹಾಕುವುದೇ ಸರಿ. ಕಾರ್ಕಿನ ಫ್ಲೋಟ್ ಇದ್ದ ಕಾರ್ಬುರೇಟರುಗಳದ್ದೂ ಇದೇ ಕಥೆ: ಕಾರ್ಕಿಗೆ ಬಳಿದ ಅರಗಿನ ವಾರ್ನಿಷ್ ಆಲ್ಕೊಹಾಲಿನಲ್ಲಿ ಕರಗುತ್ತದೆ, ಕಾರ್ಕು ಪೆಟ್ರೋಲು ಕುಡಿದು ಮುಳುಗುತ್ತದೆ, ಕಾರ್ಬುರೇಟರ್ ಉಕ್ಕುತ್ತದೆ.

ಕಾರ್ಬುರೇಟರಿನ ದೇಹ ಮಾತ್ರ ಹಳೆಯದೇ ಇರಲಿ. ಥ್ರಾಟಲ್ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ ಏರುಪೇರಾಗುತ್ತದೆ. ರೀಮರ್ ಹಾಕಿ ಹಿತ್ತಾಳೆಯ ಬುಷ್ ಕೂರಿಸಿದರೆ ಮುಗಿಯಿತು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ತೂತಿದೆ. ಬೆಸುಗೆಗೆ ಮುನ್ನ ಒಳಗಿನ ಪೆಟ್ರೋಲು ಹನಿಯೂ ಉಳಿಯದಂತೆ ತೆಗೆಯಬೇಕು, ಇಲ್ಲದಿದ್ದರೆ ಫ್ಲೋಟೇ ಸಿಡಿಯುತ್ತದೆ. ರೀಪ್ರೊ ರಿಪೇರಿ ಕಿಟ್ಟಿನಲ್ಲಿ ಗ್ಯಾಸ್ಕೆಟ್ಟು, ನೀಡಲ್ ವಾಲ್ವು ಬಳಸಿ. ಜೆಟ್ಟುಗಳನ್ನು (ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ತುಂಡು) ಮಾತ್ರ ಕಣ್ಣುಮುಚ್ಚಿ ಬದಲಿಸಬೇಡಿ. ಮೇಲೆ ಅಚ್ಚೊತ್ತಿದ ಸಂಖ್ಯೆ ಒಂದೇ ಆಗಿದ್ದು ತೂತಿನ ಅಳತೆ ಬೇರೆಯಾಗಿರುವುದುಂಟು. ಹಳೆಯ ಹಿತ್ತಾಳೆ ಜೆಟ್ಟಿಗೆ ತಂತಿ ತುರುಕಿ ಯಾರೂ ಕೆಡಿಸಿರದಿದ್ದರೆ ತೊಳೆದು ಅದನ್ನೇ ಹಾಕುವುದು ಮೇಲು.

ಸತುವಿನ ಎರಕ

ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳ ಬಾಗಿಲ ಹಿಡಿ, ಲಾಂಛನ, ಕೆಲವು ಕಾರ್ಬುರೇಟರುಗಳು ಸತುವಿನ ಎರಕ. ಸತುವಿನಲ್ಲಿ ಸೀಸ, ತವರದ ಕಲ್ಮಶ ಇದ್ದರೆ ಲೋಹದ ಹರಳುಗಳ ನಡುವೆ ಒಳಗಿನಿಂದಲೇ ತುಕ್ಕು ಹಬ್ಬುತ್ತದೆ. ವಸ್ತು ಊದುತ್ತದೆ, ಬಾಗುತ್ತದೆ, ಕೊನೆಗೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಇದಕ್ಕೆ ಔಷಧಿಯಿಲ್ಲ, ಡಬ್ಬಿಯಲ್ಲಿದ್ದದ್ದಕ್ಕೂ ವಿನಾಯಿತಿಯಿಲ್ಲ. ಕ್ರೋಮ್ ಲೇಪ ಬಿರುಕನ್ನು ಮುಚ್ಚಿರುತ್ತದೆ, ಆದ್ದರಿಂದ ಲೇಪವಿಲ್ಲದ ಹಿಂಬದಿಯನ್ನು ಟಾರ್ಚ್ ಬಿಟ್ಟು ನೋಡಬೇಕು. ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದರೆ ಕೆಳಗಿಡಿ. ಇಂಥ ಭಾಗಗಳಿಗೆ ಹಿತ್ತಾಳೆಯಲ್ಲೋ ಈಗಿನ ಶುದ್ಧ ಸತುವಿನಲ್ಲೋ ಎರಕ ಹೊಯ್ದ ರೀಪ್ರೊ ಒರಿಜಿನಲ್ಲಿಗಿಂತ ಒಳ್ಳೆಯದು.

ಬೇರಿಂಗು, ವಾಟರ್ ಪಂಪು, ಹೆಡ್ ಗ್ಯಾಸ್ಕೆಟ್ಟು

ಬೇರಿಂಗಿಗೆ ಎನ್‌ಒಎಸ್ ಚೆನ್ನ, ಆದರೆ ಬಹಳಷ್ಟು ಸಲ ಬೇಕೇ ಇಲ್ಲ. ಮೈಮೇಲೆ 6203 ಎಂದಿದ್ದರೆ ಅದು 17 ಮಿಲಿಮೀಟರ್ ಒಳವ್ಯಾಸ, 40 ಹೊರವ್ಯಾಸ, 12 ಅಗಲದ ಸಾಮಾನ್ಯ ಬೇರಿಂಗು, ಇಂದಿಗೂ ತಯಾರಾಗುತ್ತಿದೆ. ಸಂಖ್ಯೆ ಹಳೆಯ ಪದ್ಧತಿಯದ್ದಾದರೆ ಮಾತ್ರ ಸಂತೆ ಹುಡುಕಿ. ಮೇಣದಂತೆ ಗಟ್ಟಿಯಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಹೊಸದು ತುಂಬಿ. ಕಂಪ್ರೆಸರಿನ ಗಾಳಿಯಲ್ಲಿ ಬೇರಿಂಗನ್ನು ಗಿರಗಿರನೆ ತಿರುಗಿಸುವ ಚಟ ಬಿಡಬೇಕು.

ವಾಟರ್ ಪಂಪಿನ ಎರಕ ಗಟ್ಟಿಯಿದ್ದರೆ ಬಳಸಿದ್ದಕ್ಕೆ ಹೊಸ ಶಾಫ್ಟು, ಬೇರಿಂಗು, ಸೀಲು ಹಾಕಿಸುವುದು ಉತ್ತಮ. ರೀಪ್ರೊ ಪಂಪು ಕೊಂಡರೆ ಕೂರಿಸುವ ಮೊದಲೇ ಇಂಪೆಲ್ಲರಿಗೂ (ನೀರು ತಳ್ಳುವ ರೆಕ್ಕೆಚಕ್ರ) ಕವಚಕ್ಕೂ ನಡುವಿನ ಸಂದಿಯನ್ನು ಅಳೆದು ಮ್ಯಾನ್ಯುಯಲ್ಲಿನ ಅಂಕಿಗೆ ಹೋಲಿಸಿ. ಸಂದಿ ಜಾಸ್ತಿಯಾದರೆ ನೀರು ತಳ್ಳುವುದಿಲ್ಲ, ಟ್ರಾಫಿಕ್ಕಿನಲ್ಲಿ ಎಂಜಿನ್ ಕಾಯುತ್ತದೆ. ಕಡಿಮೆಯಾದರೆ ಉಜ್ಜುತ್ತದೆ. ಫ್ಯಾನ್ ಹಬ್ಬಿನ ಆಳವೂ ಸರಿಯಿರಬೇಕು, ಬೆಲ್ಟ್ ಸೊಟ್ಟಗಾದರೆ ಬೇರಿಂಗು ಹೋಯಿತು. ತಾಮ್ರದ ಹೊದಿಕೆಯ ಎನ್‌ಒಎಸ್ ಹೆಡ್ ಗ್ಯಾಸ್ಕೆಟ್ಟು ಚಪ್ಪಟೆಯಾಗಿ ಮಡಿಕೆಯಿಲ್ಲದೆ ಉಳಿದಿದ್ದರೆ ಹಾಕಬಹುದು; ಒಂದು ಮಡಿಕೆಯಿದ್ದರೂ ಬೇಡ. ಒಳಗೆ ಆಸ್ಬೆಸ್ಟಾಸ್ ಇರುವುದರಿಂದ ಕತ್ತರಿಸಬಾರದು, ಉಜ್ಜಬಾರದು.

ತಗಡು

ರೀಪ್ರೊ ಮಡ್‌ಗಾರ್ಡು, ಬಾಗಿಲ ತಳ ಮುಂತಾದವುಗಳ ತಗಡು ಕೆಲವೊಮ್ಮೆ ಮೂಲಕ್ಕಿಂತ ತೆಳು. ಅಂಚಿಗೆ ಮೈಕ್ರೋಮೀಟರ್ ಹಿಡಿದು ಹಳೆಯದರ ಜೊತೆ ಹೋಲಿಸಿ. ತೂತುಗಳು ಆಚೀಚೆ, ತಿರುವುಗಳು ಸಪ್ಪೆ. 1928ರಿಂದ 1931ರವರೆಗಿನ ಫೋರ್ಡ್ ಮಾಡೆಲ್ ಎ ಥರದ ಕಾರಿಗೆ ಬಹುತೇಕ ಎಲ್ಲ ರೀಪ್ರೊ ಸಿಗುವುದರಿಂದ ಒಂದು ಕೂರದಿದ್ದರೆ ಇನ್ನೊಬ್ಬರದ್ದು ನೋಡಬಹುದು. ಅಪರೂಪದ ಕಾರಿನವರಿಗೆ ಆ ಆಯ್ಕೆಯಿಲ್ಲ. ನಮ್ಮ ರೂಢಿ: ತುಕ್ಕು ತಿಂದಿದ್ದರೂ ಒರಿಜಿನಲ್ ತಗಡನ್ನೇ ಇಟ್ಟು, ರೀಪ್ರೊದಿಂದ ಬೇಕಾದಷ್ಟು ತುಂಡನ್ನಷ್ಟೇ ಕತ್ತರಿಸಿ ಬೆಸೆಯುವುದು. ವೆಲ್ಡ್ ಮಾಡುವ ಮೊದಲು ಬಾಗಿಲು, ಬಾನೆಟ್ಟು ಎಲ್ಲವನ್ನೂ ತೂಗುಹಾಕಿ, ಸ್ಕ್ರೂ ಮತ್ತು ಕ್ಲಾಂಪಿನಲ್ಲಿ ಹಿಡಿಸಿ ಸಂದಿಗಳನ್ನು ನೋಡಲೇಬೇಕು. ಬಾಗಿಲ ರಬ್ಬರ್ ಬೀಡಿಂಗನ್ನೂ ಅದೇ ಹೊತ್ತಿನಲ್ಲಿ ಸಿಕ್ಕಿಸಿ ನೋಡಿ. ರೀಪ್ರೊ ಬೀಡಿಂಗು ಗಡುಸಾಗಿದ್ದರೆ ಬಣ್ಣ ಹೊಡೆದ ಮೇಲೆ ಬಾಗಿಲೇ ಮುಚ್ಚುವುದಿಲ್ಲ.

ಸಂತೆಗೆ ಹೋಗುವಾಗ

ಅಯಸ್ಕಾಂತ, ವರ್ನಿಯರ್ ಕ್ಯಾಲಿಪರ್, ಟಾರ್ಚು, ಮಲ್ಟಿಮೀಟರು, ಬೇಕಾದ ಭಾಗಗಳ ಸಂಖ್ಯೆಯ ಚೀಟಿ, ಸಾಧ್ಯವಾದರೆ ಕೆಟ್ಟ ಹಳೆಯ ಭಾಗ, ಇಷ್ಟು ಚೀಲದಲ್ಲಿರಲಿ. ಎರಕದ ಮೇಲೆ ಉಬ್ಬಿ ನಿಂತ ಸಂಖ್ಯೆ ಬಿಡಿಭಾಗದ ಸಂಖ್ಯೆಯಲ್ಲ. ಒಂದೇ ಎರಕವನ್ನು ಬೇರೆ ಬೇರೆ ರೀತಿ ಕೊರೆದು ಬೇರೆ ಬೇರೆ ಮಾದರಿಗೆ ಹಾಕಿರುತ್ತಾರೆ, ಹಾಗಾಗಿ ತೂತಿನ ಅಂತರ ಅಳೆಯದೆ ಕೊಳ್ಳಬಾರದು. ಎನ್‌ಒಎಸ್ ಎಂದರೆ ಡಬ್ಬಿ ತೆರೆಸಿಯೇ ನೋಡಿ. ಹಿಂದೆ ಯಾವನೋ ಮೆಕ್ಯಾನಿಕ್ಕು ಹೊಸದನ್ನು ಗಾಡಿಗೆ ಹಾಕಿ, ಕಳಚಿದ್ದನ್ನು ಅದೇ ಡಬ್ಬಿಗೆ ತುಂಬಿ ಕಪಾಟಿಗೆ ಸೇರಿಸಿರುವುದು ತೀರಾ ಮಾಮೂಲು. ಬೋಲ್ಟು ತೂತಿನ ಸುತ್ತ ವಾಷರ್ ಒತ್ತಿದ ಗುರುತು, ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಹಳೆಯ ಅಂಟಿನ ಕಲೆ, ಟರ್ಮಿನಲ್ಲಿನ ಮೇಲೆ ಸ್ಕ್ರೂ ಗೀರು, ಇವುಗಳಲ್ಲಿ ಒಂದು ಕಂಡರೂ ಅದು ಬಳಸಿದ ಭಾಗ. ಕೊಡುವುದಾದರೂ ಬಳಸಿದ ಭಾಗದ ದುಡ್ಡನ್ನೇ ಕೊಡಿ.