ಹಾರ್ಡ್‌ವೇರ್ ವಾಲೆಟ್, ಮೂರು ವರ್ಷದ ನಂತರ: ಕಾಪಾಡಿದ್ದು ಅದರ ಪುಟ್ಟ ಪರದೆ

ದಾವಣಗೆರೆಯ ವಿನೋಬನಗರದಲ್ಲಿ ನಮ್ಮದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಸ್ವಲ್ಪ ಸ್ವಲ್ಪವೇ ಬಿಟ್‌ಕಾಯಿನ್ ಕೂಡಿಸಿಟ್ಟಿದ್ದೇನೆ. ಅದಕ್ಕೇ ಅಂತ ಮೂರು ವರ್ಷದ ಹಿಂದೆ ಒಂದು ಹಾರ್ಡ್‌ವೇರ್ ವಾಲೆಟ್ ತಗೊಂಡೆ. ಬಿಟ್‌ಕಾಯಿನ್ ಕಳಿಸಲು ಬೇಕಾದ ಗುಟ್ಟಿನ ಕೀಲಿಯನ್ನು ಕಂಪ್ಯೂಟರ್‌ಗೆ ಕೊಡದೆ ತನ್ನೊಳಗೇ ಇಟ್ಟುಕೊಳ್ಳುವ ಸಾಧನ ಇದು. ನೋಡೋಕೆ ಪೆನ್‌ಡ್ರೈವ್ ಇದ್ದಹಾಗಿದೆ. ಎರಡು ಬಟನ್, ಹೆಬ್ಬೆರಳ ಉಗುರಿನಷ್ಟು ಪರದೆ. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯವಲ್ಲ, ಈ ಬಗೆಯ ವಾಲೆಟ್‌ಗಳೆಲ್ಲ ಹೆಚ್ಚುಕಮ್ಮಿ ಹೀಗೇ ಕೆಲಸ ಮಾಡುತ್ತವೆ.

ಅದರ ಬೆಲೆ ಗೊತ್ತಾಗಿದ್ದು ಮಗಳ ಕಾಲೇಜು ಫೀಸ್‌ಗೆ ಒಂದಿಷ್ಟು ಮಾರಲು ಕೂತ ದಿನ. ಬಿಟ್‌ಕಾಯಿನ್ ಮಾರುವ, ಕೊಳ್ಳುವ ಎಕ್ಸ್‌ಚೇಂಜ್ ಆಪ್ ಮೊಬೈಲ್‌ನಲ್ಲಿದೆ. ಅಲ್ಲಿಂದ ನನ್ನ ವಿಳಾಸವನ್ನು, ಅಂದರೆ ಬ್ಯಾಂಕ್ ಖಾತೆ ಸಂಖ್ಯೆಯಂಥ ಅಕ್ಷರ, ಅಂಕಿಗಳ ಉದ್ದ ಸಾಲನ್ನು, ವಾಟ್ಸಾಪ್‌ನಲ್ಲಿ ನನಗೇ ಕಳಿಸಿಕೊಂಡೆ. ಅಂಗಡಿ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿ ಪೇಸ್ಟ್ ಮಾಡಿದೆ. ವಾಲೆಟ್ ಪರದೆಗೂ ವಿಳಾಸ ಬಂತು. ಕಂಪ್ಯೂಟರ್‌ನಲ್ಲಿ ಕಾಣುತ್ತಿದ್ದದ್ದೂ ಅದೇ. ಸರಿ ಅಂತ ಬಟನ್ ಮೇಲೆ ಬೆರಳಿಟ್ಟಿದ್ದೆ. ಪಕ್ಕದಲ್ಲಿ ನನ್ನ ಮೊಬೈಲ್ ಹಿಡಿದು ಕೂತಿದ್ದ ಮಗಳು, "ಅಪ್ಪಾ, ಇದರಲ್ಲಿ ಕೊನೆಗೆ 7 ಇದೆ, ಅಲ್ಲಿ ಯಾಕೆ ಕೆ ಬಂದಿದೆ?" ಅಂದಳು.

ಎದೆ ಧಸಕ್ಕೆಂದಿತು. ಗಿರಾಕಿಗಳು ಡಿಸೈನ್ ತರುವ ಹತ್ತಾರು ಪೆನ್‌ಡ್ರೈವ್ ದಿನಾ ಆ ಕಂಪ್ಯೂಟರ್‌ಗೆ ಬೀಳುತ್ತವೆ. ಯಾವುದರಿಂದಲೋ ಒಂದು ವೈರಸ್ ಬಂದಿತ್ತು. ಕ್ರಿಪ್ಟೋ ವಿಳಾಸ ಕಾಪಿ ಮಾಡಿದ ಕೂಡಲೇ ಅದನ್ನು ತೆಗೆದು ಕಳ್ಳನ ವಿಳಾಸ ಇಡುವುದೇ ಇಂಥ ವೈರಸ್‌ನ ಕೆಲಸ. ಪೇಸ್ಟ್ ಆದ ಮೇಲೆ ಕಂಪ್ಯೂಟರ್, ವಾಲೆಟ್ ಎರಡೂ ತೋರಿಸುವುದು ಕಳ್ಳನ ವಿಳಾಸವನ್ನೇ. ಅವೆರಡನ್ನು ಹೋಲಿಸಿ ಏನು ಪ್ರಯೋಜನ? ವಾಲೆಟ್ ಪರದೆಯನ್ನು ಹೋಲಿಸಬೇಕಾದ್ದು ವಿಳಾಸ ಹುಟ್ಟಿದ ಜಾಗದ ಜೊತೆ. ನನ್ನ ವಿಷಯದಲ್ಲಿ ಅದು ಮೊಬೈಲ್. ಶುರುವಿನ ನಾಲ್ಕು ಅಕ್ಷರ ನೋಡಿ ಸಮಾಧಾನ ಪಡಬೇಡಿ. ಈ ಬಗೆಯ ಬಿಟ್‌ಕಾಯಿನ್ ವಿಳಾಸಗಳೆಲ್ಲ 'bc1q' ಅಂತಲೇ ಶುರುವಾಗುತ್ತವೆ.

ಈಗ ನಮ್ಮನೇಲಿ ವಿಳಾಸದ 42 ಅಕ್ಷರವನ್ನೂ ಓದುತ್ತೇವೆ. ಮಗಳು ಮೊಬೈಲ್ ನೋಡಿ ನಾಲ್ಕು ನಾಲ್ಕಾಗಿ ಜೋರಾಗಿ ಹೇಳುತ್ತಾಳೆ, ನಾನು ವಾಲೆಟ್ ಪರದೆ ನೋಡಿ "ಹೂಂ" ಅನ್ನುತ್ತೇನೆ. ಒಂದು ನಿಮಿಷವೂ ಬೇಡ.

ಹಳೇ ವ್ಯವಹಾರದ ಪಟ್ಟಿಯಿಂದ ವಿಳಾಸ ಕಾಪಿ ಮಾಡುವುದನ್ನಂತೂ ಬಿಟ್ಟೇಬಿಡಿ. ನೀವು ಕಳಿಸಿದ ವಿಳಾಸದಂತೆಯೇ ಮೊದಲು, ಕೊನೆ ಕಾಣುವ ಇನ್ನೊಂದನ್ನು ಕಳ್ಳರು ತಯಾರಿಸುತ್ತಾರೆ. ಅದರಿಂದ ಪುಡಿಗಾಸು ಕಳಿಸಿ ನಿಮ್ಮ ಪಟ್ಟಿಯೊಳಗೆ ಸೇರಿಕೊಳ್ಳುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಮೋಸಹೋಗಿ 1,155 ರ‍್ಯಾಪ್ಡ್ ಬಿಟ್‌ಕಾಯಿನ್ (ಬಿಟ್‌ಕಾಯಿನ್ ಬೆಲೆಗೇ ಹೊಂದಿಸಿದ ಇನ್ನೊಂದು ಕ್ರಿಪ್ಟೋ ಟೋಕನ್) ಕಳಿಸಿಬಿಟ್ಟರು. ಆಗಿನ ಬೆಲೆಗೆ ಸುಮಾರು 6.8 ಕೋಟಿ ಡಾಲರ್. ಕಳ್ಳ ಆಮೇಲೆ ಬಹುಪಾಲು ವಾಪಸ್ ಕೊಟ್ಟ. ನಮಗೆ ಅಂಥ ಅದೃಷ್ಟ ಇರುತ್ತೆ ಅಂತ ನಂಬಿ ಕೂರೋಕಾಗುತ್ತಾ?

ಪಾಸ್‌ವರ್ಡ್ ಮರೆತರೆ ಬ್ಯಾಂಕಿನ ಹಾಗೆ ಯಾರೂ ಹೊಸದು ಕೊಡುವುದಿಲ್ಲ. ಎಲ್ಲವೂ ನಿಂತಿರುವುದು ವಾಲೆಟ್ ಮೊದಲ ದಿನ ಕೊಡುವ 24 ಇಂಗ್ಲಿಷ್ ಪದಗಳ ಮೇಲೆ. ವಾಲೆಟ್ ಕೆಟ್ಟರೂ ಕಳೆದರೂ ಈ ಪದಗಳಿದ್ದರೆ ಹಣ ವಾಪಸ್ ಕೈಗೆ ಬರುತ್ತದೆ. ಕಾಗದ ನೀರಿಗೆ, ಗೆದ್ದಲಿಗೆ ಹೋಗುತ್ತದೆ. ಹಾಗಾಗಿ ಪರಿಚಯದ ಪಾತ್ರೆ ಅಂಗಡಿಯಿಂದ ಹೆಸರು ಕೊರೆಯುವ ಮಷಿನ್ ಒಂದು ಸಂಜೆಗೆ ಕೇಳಿ ತಂದೆ. ಹಳೇ ಸ್ಟೀಲ್ ಡಬ್ಬಿಯ ಮುಚ್ಚಳದ ಒಳಭಾಗಕ್ಕೆ ನಾನೇ ಕೊರೆದೆ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು. ವಾಲೆಟ್ ಈ ಪದಗಳನ್ನು ಆರಿಸುವ ಪಟ್ಟಿಯಲ್ಲಿರುವ 2,048 ಪದಗಳಲ್ಲಿ ಯಾವ ಎರಡಕ್ಕೂ ಮೊದಲ ನಾಲ್ಕು ಒಂದೇ ಇಲ್ಲ. ಮಷಿನ್ ಇದ್ದವರ ಕೈಲಿ ಮಾತ್ರ ಕೊರೆಸಬೇಡಿ, ಆ ಪದಗಳು ಸಿಕ್ಕವರಿಗೆ ನಿಮ್ಮ ಹಣವೂ ಸಿಕ್ಕಂತೆ. "ವಾಲೆಟ್ ಅಪ್‌ಡೇಟ್, 24 ಪದ ಹಾಕಿ" ಅಂತ ನನಗೆ ಎರಡು ಸಲ ಮೇಲ್ ಬಂದಿದೆ. ಎರಡನ್ನೂ ಅಳಿಸಿದೆ.

ವಾಲೆಟ್‌ನಿಂದ ಆಗದ ಕೆಲಸವೂ ಇದೆ. ನಮ್ಮ ಸಾಲಿನ ಅಂಗಡಿಯವರೊಬ್ಬರು ಟೆಲಿಗ್ರಾಂ ಗುಂಪಿನ ಲಾಭದ ಮಾತು ನಂಬಿ, ತಾವೇ ಬಟನ್ ಒತ್ತಿ ಕಳಿಸಿದರು. ಅಲ್ಲಿ ಯಾವ ವಾಲೆಟ್ ತಡೆಯುತ್ತೆ ಹೇಳಿ? ನಾಚಿಕೆಯಿಂದ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ನಾನೇ ಜೊತೆಗೆ ಹೋದೆ. ಅಷ್ಟೊತ್ತಿಗೆ ಹಣ ಎಷ್ಟೋ ಕೈ ದಾಟಿತ್ತು. ಅದೇ ದಿನ ಹೇಳಿದ್ದರೆ ಅಂತ ಇವತ್ತಿಗೂ ಸಂಕಟವಾಗುತ್ತೆ.

ಪರದೆ ಚಿಕ್ಕದಾಗಿರುವುದೇ ನನ್ನ ದೊಡ್ಡ ದೂರು. ಇಡೀ ವಿಳಾಸ ಓದಲು ಬಟನ್ ಒತ್ತಿ ಒತ್ತಿ ಮುಂದೆ ಹೋಗಬೇಕು. ನನಗೆ ಈಗ ಕನ್ನಡಕ ಬಂದಿದೆ, ಹಾಗಾಗಿ ದೊಡ್ಡ ಪರದೆಯದ್ದು ತಗೊಳ್ಳುವವನಿದ್ದೇನೆ. ಮುಚ್ಚಳದ ಮೇಲಿನ ಅದೇ 24 ಪದ ಅದರಲ್ಲೂ ನಡೆಯುತ್ತವೆ.