ಖಡೇಬಜಾರದ ರಿಪೇರಿ ಅಂಗಡಿ: ಪಿನ್ ಹಾಕಿಸಲು ಹೋದೆ, ಅಪ್ಡೇಟ್ ಯಾರ ಹೊಣೆ ಅಂತ ತಿಳಿದು ಬಂದೆ

ಬೆಳಗಾವಿಯ ಶಹಾಪುರದಲ್ಲಿ ನನ್ನ ಹೊಲಿಗೆ ಅಂಗಡಿ. ಅಳತೆ, ಗಿರಾಕಿಗಳು ಕಳಿಸುವ ಡಿಸೈನ್ ಫೋಟೋ, ಫೋನಿನಲ್ಲಿ ಬರುವ ದುಡ್ಡು, ಎಲ್ಲಾ ಒಂದೇ ಮೊಬೈಲಿನಲ್ಲಿ. ಅದರ ಚಾರ್ಜಿಂಗ್ ಪಿನ್ ಸಡಿಲಾಗಿತ್ತು. ವಯರನ್ನು ಒಂದು ಕಡೆ ಒತ್ತಿ ಹಿಡಿದರಷ್ಟೇ ಚಾರ್ಜ್. ಹಾಗಾಗಿ ಖಡೇಬಜಾರಕ್ಕೆ ಹೋದೆ. ಒಂದು ಟೇಬಲ್, ಒಂದು ಸ್ಟೂಲ್, ಅಷ್ಟೇ ಅಂಗಡಿ.

ಪಿನ್ ಜೊತೆಗೆ ಇನ್ನೊಂದು ಚಿಂತೆಯನ್ನೂ ಹೇಳಿದೆ. ಎರಡು ವರ್ಷದಿಂದ ಅಪ್ಡೇಟ್ ಬಂದಿರಲಿಲ್ಲ. ಸಿಮ್ ಕಂಪನಿಗೆ ಕೇಳಿದ್ದೆ, ಫೋನಿನ ಕಂಪನಿಗೆ ಕೇಳಿ ಅಂದರು. ಫೋನಿನ ಸರ್ವಿಸ್ ಸೆಂಟರಿನಲ್ಲಿ "ಗೂಗಲ್ ಕಳಿಸಿದಾಗ ಬರ್ತದ" ಅಂದು ಕಳಿಸಿದ್ದರು. ಬ್ಯಾಂಕಿನ ಆಪ್ ಇರುವ ಫೋನು, ಯಾರನ್ನು ಕೇಳಬೇಕು?

ಅಂಗಡಿಯ ಹುಡುಗ ಸೆಟ್ಟಿಂಗ್ಸಿನ ಒಳಗೆ ಸೆಕ್ಯುರಿಟಿ ಪ್ಯಾಚ್ (ಫೋನಿನ ಸುರಕ್ಷತೆಯ ದೋಷ ಮುಚ್ಚುವ ಅಪ್ಡೇಟ್) ಅಂತ ಇರುವ ಸಾಲು ತೆಗೆದು ತೋರಿಸಿದ. ಮಾರ್ಚ್ 2023. ಅಲ್ಲಿಗೇ ನಿಂತಿತ್ತು.

"ಗೂಗಲ್‌ದವರು 2015ರಿಂದ ತಿಂಗಳಾ ತಿಂಗಳಾ ದೋಷದ ಪಟ್ಟಿ, ಅದರ ರಿಪೇರಿ ಕೊಡ್ತಾರ್ರಿ ಅಕ್ಕಾರ. ಚಿಪ್ ಮಾಡೋರು ತಮ್ಮ ಪಾಲಿಂದು ಕೊಡ್ತಾರ. ಅದನ್ನೆಲ್ಲ ನಿಮ್ಮ ಮಾಡೆಲ್ಲಿಗೆ ಕೂಡಿಸಿ, ಟೆಸ್ಟ್ ಮಾಡಿ ಕಳಸೋದು ಫೋನ್ ಕಂಪನಿ ಕೆಲಸ."

"ಮತ್ತ ಸರ್ವಿಸ್ ಸೆಂಟರಿನವರು ಗೂಗಲ್ ಅಂದ್ರಲ್ಲೋ ತಮ್ಮಾ?"

"ಬ್ಲೌಸ್ ಬಿಗಿ ಆದ್ರ ಗಿರಾಕಿ ನಿಮ್ಮ ಕಡೆ ಬರ್ತಾರೋ, ಅರಿವಿ ಅಂಗಡಿಗೆ ಹೋಗ್ತಾರೋ?"

ನನಗೆ ಅಷ್ಟು ಸಾಕಾಯಿತು. ಅರಿವೆ ಒಬ್ಬರದು, ಅಸ್ತರ ಇನ್ನೊಬ್ಬರದು, ಆದರೆ ಕತ್ತರಿ ಹಾಕಿದವಳು ನಾನು. ಬಿಗಿಯಾದರೆ ಬಿಚ್ಚಿ ಹೊಲಿದು ಕೊಡುತ್ತೇನೆ. ನಮ್ಮಲ್ಲಿ ಹೆಚ್ಚಿನ ಫೋನುಗಳನ್ನು ಅಂಗಡಿಯಲ್ಲಿ ನೇರ ಕೊಳ್ಳುತ್ತೇವಾದ್ದರಿಂದ ಸಿಮ್ಮಿನವರು ಈ ನಡುವೆ ಬರುವುದೇ ಕಡಿಮೆಯಂತೆ. ಅಮೆರಿಕದಲ್ಲಿ ಅವರೂ ಪರೀಕ್ಷೆ ಮಾಡಿ ಬಿಡುತ್ತಾರಂತೆ. ಗೂಗಲ್ ಮಾಡುವ ಫೋನಿನ ಮೂಲ ಸಾಫ್ಟ್‌ವೇರ್ ಆಂಡ್ರಾಯ್ಡ್, ಅದರ 10ನೇ ಆವೃತ್ತಿ ಬಂದ ಮೇಲೆ ಕೆಲವು ಭಾಗ ಮಾತ್ರ ಗೂಗಲ್ ಪ್ಲೇ ಮೂಲಕ ನೇರ ಬರುತ್ತದೆ. ಉಳಿದದ್ದು ಫೋನ್ ಕಂಪನಿ ಮನಸ್ಸು ಮಾಡಿದರೇ.

ಅವನು ಹೊಸ ಫೋನ್ ಮಾರುವುದಿಲ್ಲ, ಅದಕ್ಕೇ ಅವನ ಮಾತು ನಂಬಿದೆ. "ಕ್ಯಾಮೆರಾ ಆಮ್ಯಾಲೆ ಕೇಳ್ರಿ, ಮೊದಲ ಎಷ್ಟು ವರ್ಷ ಅಪ್ಡೇಟ್ ಅಂತ ಕೇಳ್ರಿ" ಅಂದ. ಆಮೇಲೆ ನಾನು ಬೇರೆ ಕಡೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಕೊಂಡೆ. ಅದಕ್ಕೆ ಆರು ವರ್ಷದ ಸೆಕ್ಯುರಿಟಿ ಅಪ್ಡೇಟ್ ಮಾತು ಕೊಟ್ಟಿದ್ದಾರೆ. ಒಂದು ಗಮನವಿರಲಿ: ಎಣಿಕೆ ನಾವು ಕೊಂಡ ದಿನದಿಂದಲ್ಲ, ಮಾಡೆಲ್ ಬಿಡುಗಡೆಯಾದ 2024ರಿಂದ. ತಡವಾಗಿ ಕೊಂಡಷ್ಟೂ ನಮಗೆ ಸಿಗುವ ವರ್ಷ ಕಡಿಮೆ. ಆಫರಿನಲ್ಲಿ ಹಳೆಯ ಮಾಡೆಲ್ ಕೊಳ್ಳುವವರು ಇದನ್ನು ಕೇಳಿಯೇ ದುಡ್ಡು ಕೊಡಿ.

ಅಂಗಡಿಯ ಕೊರತೆಯನ್ನೂ ಹೇಳಬೇಕು. ಸಂಜೆಗೆ ಅಂದದ್ದು ಮರುದಿನ ಮಧ್ಯಾಹ್ನಕ್ಕೆ ಸಿಕ್ಕಿತು, ಬಿಲ್ಲು ಕೇಳಿ ಪಡೆಯಬೇಕಾಯಿತು. ಗಾಡಿ ನಿಲ್ಲಿಸಲು ಜಾಗವಿಲ್ಲ, ನಡೆದು ಹೋಗುವುದೇ ಒಳ್ಳೆಯದು. ಪಿನ್ನಿಗೆ 350 ರೂಪಾಯಿ. ನಾಲ್ಕು ತಿಂಗಳಾಯಿತು, ಗಟ್ಟಿಯಾಗಿ ಕೂತಿದೆ.

ಹಳೆಯ ಫೋನಿನಿಂದ ಸಿಮ್ಮೂ ಬ್ಯಾಂಕಿನ ಆಪೂ ತೆಗೆಸಿದ್ದೇನೆ. ಈಗ ಅದು ಮಷಿನ್ ಪಕ್ಕದಲ್ಲಿದೆ, ಗಿರಾಕಿಗಳಿಗೆ ಕೊರಳಿನ ಡಿಸೈನ್ ತೋರಿಸಲು.